ನಿಮಗಿದು ಗೊತ್ತೇ? ಬೆರಳು ಹೇಳುವ ಹೃದಯದ ಸುದ್ದಿ

● 1896ರಲ್ಲಿ ಪ್ಯಾರಿಸ್ಸಿನ ಮಕ್ಕಳ ವೈದ್ಯ ಆಂತ್ವಾನ್ ಮಾರ್ಫಾನ್ ಐದೂವರೆ ವರ್ಷದ ಹುಡುಗಿಯೊಬ್ಬಳನ್ನು ಇತರ ವೈದ್ಯರ ಮುಂದೆ ತಂದು ತೋರಿಸಿದರು. ಹೆಸರು ಗೇಬ್ರಿಯೆಲ್. ಕೈಕಾಲು ಸಪೂರ, ಬೆರಳುಗಳನ್ನು ಅವರು ಜೇಡನ ಕಾಲುಗಳಿಗೆ ಹೋಲಿಸಿದರು. ಮುಂದೆ ಅಂಥ ಲಕ್ಷಣಗಳ ಆನುವಂಶಿಕ ಕಾಯಿಲೆಗೆ ಮಾರ್ಫಾನ್ ಸಿಂಡ್ರೋಮ್ ಎಂಬ ಹೆಸರು ನಿಂತಿತು. ಗೇಬ್ರಿಯೆಲ್‌ಗೆ ಇದ್ದದ್ದು ಮಾತ್ರ ಅದಲ್ಲ, ಅದಕ್ಕೆ ತೀರಾ ಹತ್ತಿರದ ಇನ್ನೊಂದು ಕಾಯಿಲೆ ಎಂದು ಈಗಿನ ಹಲವು ತಜ್ಞರು ಭಾವಿಸುತ್ತಾರೆ.

● ಸುಮಾರು 5000 ಜನರಲ್ಲಿ ಒಬ್ಬರಿಗೆ ಮಾರ್ಫಾನ್ ಇರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.1 ಕೋಟಿ. ಅದೇ ಲೆಕ್ಕ ಹಿಡಿದರೆ ನಮ್ಮ ರಾಜ್ಯವೊಂದರಲ್ಲೇ ಹನ್ನೆರಡು ಸಾವಿರ ಮಂದಿ. ಗಂಡು, ಹೆಣ್ಣು, ಜಾತಿ, ದೇಶ ಯಾವ ಭೇದವೂ ಇದಕ್ಕಿಲ್ಲ.

● ಇದು ಸಂಯೋಜಕ ಅಂಗಾಂಶದ ದೋಷ. ಮೂಳೆ, ಕೀಲು, ಕಣ್ಣು, ಶ್ವಾಸಕೋಶ, ರಕ್ತನಾಳದ ಗೋಡೆ, ಎಲ್ಲದಕ್ಕೂ ಬಿಗಿ ಕೊಡುವುದು ಈ ಅಂಗಾಂಶವೇ. ಅದರ ನೂಲುಗಳಿಗೆ ಬೇಕಾದ ಪ್ರೋಟೀನುಗಳಲ್ಲಿ ಒಂದು ಫೈಬ್ರಿಲಿನ್-1. ಅದನ್ನು ತಯಾರಿಸುವ ವಂಶವಾಹಿ ಇರುವುದು 15ನೇ ವರ್ಣತಂತುವಿನಲ್ಲಿ; ಮಾರ್ಫಾನ್‌ಗೆ ಅದರ ದೋಷವೇ ಕಾರಣವೆಂದು 1991ರಲ್ಲಿ ಪತ್ತೆಯಾಯಿತು. ಒಂದೇ ವಂಶವಾಹಿ ಕೆಟ್ಟರೂ ಕಣ್ಣಿನ ವೈದ್ಯರು, ಮೂಳೆಯ ವೈದ್ಯರು, ಹೃದ್ರೋಗ ತಜ್ಞರು ಮೂವರ ಬಳಿಯೂ ಅಲೆದಾಟ ಬರುವುದು ಇದರಿಂದಲೇ.

● ತಂದೆ ಅಥವಾ ತಾಯಿಗೆ ಮಾರ್ಫಾನ್ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಇಬ್ಬರಲ್ಲೂ ಇಲ್ಲದೆಯೂ ಬರಬಹುದು. ಸುಮಾರು ನಾಲ್ಕರಲ್ಲಿ ಒಬ್ಬ ರೋಗಿಯಲ್ಲಿ ವಂಶವಾಹಿಯ ಬದಲಾವಣೆ ಹೊಸದಾಗಿ ಆಗಿರುತ್ತದೆ. ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂದು ಸೊಸೆಯ ಕಡೆಗೋ ಅಳಿಯನ ಕಡೆಗೋ ಬೆರಳು ತೋರಿಸುವವರು ಇದನ್ನು ತಿಳಿದಿರಬೇಕು.

● ಎರಡೂ ಕೈ ಅಗಲಿಸಿ ನಿಂತರೆ ಒಂದು ಬೆರಳ ತುದಿಯಿಂದ ಇನ್ನೊಂದರ ತುದಿಗೆ ಇರುವ ಅಳತೆ ಸಾಮಾನ್ಯವಾಗಿ ನಮ್ಮ ಎತ್ತರದಷ್ಟೇ ಇರುತ್ತದೆ. ಮಾರ್ಫಾನ್ ಇರುವ ಹಲವರಲ್ಲಿ ಅದು ಎತ್ತರದ 1.05 ಪಟ್ಟನ್ನು ದಾಟುತ್ತದೆ. ಅಂದರೆ 160 ಸೆಂಟಿಮೀಟರ್ ಎತ್ತರದವರಲ್ಲಿ 168ಕ್ಕಿಂತ ಹೆಚ್ಚು. ಆಜಾನುಬಾಹು ಎಂದು ಹೊಗಳುವ ನಮ್ಮಲ್ಲಿ ಉದ್ದ ತೋಳನ್ನು ಕಂಡು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ.

● ಇನ್ನೆರಡು ಪರೀಕ್ಷೆಗೆ ಟೇಪೂ ಬೇಡ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ: ಅದರ ಉಗುರು ಪೂರ್ತಿಯಾಗಿ ಕಿರುಬೆರಳಿನ ಆಚೆ ಬದಿಗೆ ಇಣುಕಿದರೆ ಒಂದು ಸೂಚನೆ. ಒಂದು ಕೈಯ ಹೆಬ್ಬೆರಳು, ಕಿರುಬೆರಳುಗಳಿಂದ ಇನ್ನೊಂದು ಮಣಿಕಟ್ಟನ್ನು ಸುತ್ತಿ ಹಿಡಿದಾಗ ಕಿರುಬೆರಳಿನ ಉಗುರನ್ನು ಹೆಬ್ಬೆರಳು ಮುಚ್ಚಿದರೆ ಇನ್ನೊಂದು. ಇವು ಆರೋಗ್ಯವಂತರಲ್ಲೂ ಕಾಣಬಹುದು, ಗಾಬರಿ ಬೇಡ. ಆದರೆ ಜೊತೆಗೆ ಒಳಕ್ಕೆ ಕುಸಿದ ಅಥವಾ ಮುಂದೆ ಉಬ್ಬಿದ ಎದೆಗೂಡು, ಓರೆಯಾದ ಬೆನ್ನುಮೂಳೆ, ಚಿಕ್ಕಂದಿನಲ್ಲೇ ಏರಿದ ಕನ್ನಡಕದ ನಂಬರು ಇದ್ದರೆ ವೈದ್ಯರ ಬಳಿ ಹೋಗಲೇಬೇಕು.

● ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕಣ್ಣಿನ ಮಸೂರ ಜಾಗ ಬಿಟ್ಟು ಸರಿಯುತ್ತದೆ, ಸಾಮಾನ್ಯವಾಗಿ ಮೇಲಕ್ಕೆ. ಹೊರನೋಟಕ್ಕೆ ಮಾರ್ಫಾನ್‌ನಂತೆಯೇ ಕಾಣುವ ಹೋಮೋಸಿಸ್ಟಿನ್ಯೂರಿಯಾ ಎಂಬ ಕಾಯಿಲೆಯಲ್ಲಿ ಅದು ಹೆಚ್ಚಾಗಿ ಕೆಳಕ್ಕೆ ಜಾರುತ್ತದೆ.

● ಅಬ್ರಹಾಂ ಲಿಂಕನ್‌ಗೆ ಮಾರ್ಫಾನ್ ಇತ್ತೆಂಬ ವಾದ 1960ರ ದಶಕದಿಂದ ನಡೆದಿದೆ. ಪುರಾವೆ ಇಲ್ಲ.

● ಜೀವಕ್ಕೆ ಅಪಾಯ ಇರುವುದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯಲ್ಲಿ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ, ಪ್ರತಿ ಬಡಿತದ ಒತ್ತಡವೂ ಮೊದಲು ತಾಗುವುದು ಈ ನಾಳಕ್ಕೆ. ಎಳೆದೆಳೆದು ಸೋತ ಇಲಾಸ್ಟಿಕ್‌ನಂತೆ ಅದರ ಬುಡ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ನೋವಿಲ್ಲ, ಸುಸ್ತಿಲ್ಲ. ಒಂದು ದಿನ ಒಳಪದರ ಸೀಳಿ, ಗೋಡೆಯ ಪದರಗಳ ನಡುವೆ ರಕ್ತ ನುಗ್ಗುತ್ತದೆ. ಎದೆಯಲ್ಲೋ ಬೆನ್ನಿನಲ್ಲೋ ಹಠಾತ್ತನೆ ಬರುವ ತೀವ್ರ ನೋವು ಅದರ ಗುರುತು. ಅಲ್ಲಿಂದ ಮುಂದೆ ಪ್ರತಿ ಗಂಟೆಯೂ ಮುಖ್ಯ.

● ಈ ನೋವನ್ನು ಗುರುತಿಸದೆ ಹೋದರೆ ಏನಾಗುತ್ತದೆಂಬುದಕ್ಕೆ ನ್ಯೂಯಾರ್ಕಿನ ನಾಟಕಕಾರ, ಸಂಗೀತಗಾರ ಜೊನಾಥನ್ ಲಾರ್ಸನ್ ಉದಾಹರಣೆ. ಎದೆನೋವೆಂದು ಕೆಲವೇ ದಿನಗಳ ಅಂತರದಲ್ಲಿ ಎರಡು ಆಸ್ಪತ್ರೆಗಳಿಗೆ ಹೋದರು. ಎರಡೂ ಕಡೆ ಮನೆಗೆ ಕಳಿಸಿದರು. 1996ರ ಜನವರಿ 25ರಂದು, ಅವರ ‘ರೆಂಟ್’ ನಾಟಕದ ಮೊದಲ ಪೂರ್ವಪ್ರದರ್ಶನ ನಿಗದಿಯಾಗಿದ್ದ ದಿನ, ಮಹಾಪಧಮನಿ ಸೀಳಿ ತೀರಿಕೊಂಡರು. ವಯಸ್ಸು 35. ಪತ್ತೆಯಾಗದ ಮಾರ್ಫಾನ್ ಇದ್ದಿರಬಹುದೆಂದು ಆಮೇಲೆ ಹೇಳಲಾಯಿತು. ಅದೇ ವರ್ಷ ‘ರೆಂಟ್’ಗೆ ಪುಲಿಟ್ಜರ್ ಬಂತು.

● 2014ರಲ್ಲಿ ಏಳಡಿಗೂ ಎತ್ತರದ ಬ್ಯಾಸ್ಕೆಟ್‌ಬಾಲ್ ಆಟಗಾರ ಐಸಾಯಾ ಆಸ್ಟಿನ್‌ಗೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಟಗಾರರ ಆಯ್ಕೆಗೆ ಕೆಲವೇ ದಿನ ಮುಂಚೆ ಮಾರ್ಫಾನ್ ಇರುವುದು ತಿಳಿಯಿತು. ಆಯ್ಕೆಯ ರಾತ್ರಿ ಎನ್‌ಬಿಎ ಗೌರವಾರ್ಥವಾಗಿ ಅವರ ಹೆಸರನ್ನು ಕೂಗಿತು. ಆ ಹೊತ್ತಿಗೆ ಅದೊಂದು ದುಃಖದ ಸುದ್ದಿ. ನನಗೆ ಮಾತ್ರ ಅದು ಸಕಾಲಕ್ಕೆ ಸಿಕ್ಕ ತಪಾಸಣೆಯ ಗೆಲುವಾಗಿ ಕಾಣುತ್ತದೆ.

● 1972ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಾರ್ಫಾನ್ ರೋಗಿಗಳು ಸಾಯುವಾಗಿನ ಸರಾಸರಿ ವಯಸ್ಸು ಸುಮಾರು 32. ಈಗ ಸರಿಯಾದ ಆರೈಕೆ ಸಿಕ್ಕವರು 70ರವರೆಗೆ ಬದುಕುತ್ತಾರೆ. ಕಾರಣಗಳಲ್ಲಿ ಪವಾಡದ ಔಷಧಿ ಯಾವುದೂ ಇಲ್ಲ: ವರ್ಷಕ್ಕೊಮ್ಮೆ ಎಕೋ (ಹೃದಯದ ಅಲ್ಟ್ರಾಸೌಂಡ್), ಹೃದಯದ ಬಡಿತದ ರಭಸ ತಗ್ಗಿಸುವ ಮಾತ್ರೆ, ನಾಳದ ಬುಡ ಸುಮಾರು 5 ಸೆಂಟಿಮೀಟರ್ ತಲುಪಿದಾಗ, ಸೀಳುವ ಮುಂಚೆಯೇ, ಶಸ್ತ್ರಚಿಕಿತ್ಸೆ.

● ಟಾಲ್ ಗೋಲ್ಸ್‌ವರ್ದಿ ಎಂಬ ಬ್ರಿಟಿಷ್ ಎಂಜಿನಿಯರ್‌ಗೆ ಮಾರ್ಫಾನ್. ಹಿಗ್ಗಿದ ಭಾಗ ಕತ್ತರಿಸಿ, ಕೃತಕ ನಾಳ ಮತ್ತು ಲೋಹದ ಕವಾಟ ಜೋಡಿಸಿ, ಆಮೇಲೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ತನ್ನದೇ ಮಹಾಪಧಮನಿಯ ಸ್ಕ್ಯಾನ್ ಇಟ್ಟುಕೊಂಡು, ಕಂಪ್ಯೂಟರಿನಲ್ಲಿ ಅಚ್ಚು ರೂಪಿಸಿ, ನಾಳದ ಹೊರಗೆ ತೊಡಿಸುವ ಬಟ್ಟೆಯ ಜಾಲರಿಯನ್ನು ವೈದ್ಯರ ತಂಡದೊಡನೆ ತಯಾರಿಸಿದರು. 2004ರಲ್ಲಿ ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಅದನ್ನು ಮೊದಲು ಅಳವಡಿಸಿದ್ದು ಅವರಿಗೇ. ಈಗ ಬೇರೆ ದೇಶಗಳಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತಿದೆ.

● ಕೆಮ್ಮಿಗೋ ಭೇದಿಗೋ ಔಷಧಿ ಅಂಗಡಿಯಿಂದ ಸಿಪ್ರೋಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ತಂದು ನುಂಗುವ ರೂಢಿ ನಮ್ಮಲ್ಲಿದೆ. ಈ ಗುಂಪಿನ ಆ್ಯಂಟಿಬಯಾಟಿಕ್‌ಗಳು ಮಹಾಪಧಮನಿ ಸೀಳುವ ಅಪಾಯ ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಎಚ್ಚರ ಬೇಕಾದವರ ಪಟ್ಟಿಯಲ್ಲಿ ಮಾರ್ಫಾನ್ ರೋಗಿಗಳನ್ನು ಹೆಸರಿಸಿತು.

● ಮಾರ್ಫಾನ್ ಇರುವ ಹೆಣ್ಣುಮಕ್ಕಳು ತಾಯಿಯಾಗಬಾರದೆಂದಿಲ್ಲ. ಆದರೆ ಬಸಿರಿನಲ್ಲೂ ಬಾಣಂತನದಲ್ಲೂ ಮಹಾಪಧಮನಿಯ ಮೇಲೆ ಹೊರೆ ಏರುತ್ತದೆ. ಎಕೋ ಆಗಬೇಕಾದದ್ದು ಗರ್ಭ ಧರಿಸುವ ಮೊದಲೇ.

● ಫ್ಲೋ ಹೈಮನ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕದ ವಾಲಿಬಾಲ್ ತಂಡದ ತಾರೆ. ಆರಡಿ ಐದಿಂಚು ಎತ್ತರ. 1986ರ ಜನವರಿ 24ರಂದು ಜಪಾನಿನ ಮಾತ್ಸುಯೆಯಲ್ಲಿ ಪಂದ್ಯದ ನಡುವೆ ಹೊರಬಂದು ಬೆಂಚಿನಲ್ಲಿ ಕುಳಿತವರು ಅಲ್ಲೇ ಕುಸಿದರು. 31 ವರ್ಷಕ್ಕೆ ಪ್ರಾಣ ಹೋಯಿತು. ಮೊದಲು ಹೃದಯಾಘಾತವೆಂದೇ ಎಣಿಸಿದ್ದರು. ಮನೆಯವರು ಅದನ್ನು ಒಪ್ಪದೆ ಅಮೆರಿಕದಲ್ಲಿ ಶವಪರೀಕ್ಷೆ ಮಾಡಿಸಿದಾಗ ಮಾರ್ಫಾನ್ ಹೊರಬಿತ್ತು. ಆಮೇಲೆ ಸೋದರನನ್ನು ಪರೀಕ್ಷಿಸಿದರು. ಅವರಿಗೂ ಇತ್ತು, ಶಸ್ತ್ರಚಿಕಿತ್ಸೆ ಆಯಿತು.

● ಮನೆಯಲ್ಲಿ ಒಬ್ಬರಿಗೆ ಮಾರ್ಫಾನ್ ಎಂದು ಖಚಿತವಾದರೆ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಎಕೋ ಮತ್ತು ಕಣ್ಣಿನ ಪರೀಕ್ಷೆ ಆಗಬೇಕು. ಗಿಡ್ಡಗಿರುವವರನ್ನು ಬಿಡುವಂತಿಲ್ಲ. ಒಂದೇ ಮನೆಯಲ್ಲಿ ಅದೇ ದೋಷ ಒಬ್ಬರ ಬೆರಳಲ್ಲಿ ಎದ್ದು ಕಂಡರೆ, ಇನ್ನೊಬ್ಬರಲ್ಲಿ ಮಹಾಪಧಮನಿಯಲ್ಲಷ್ಟೇ ಇರಬಹುದು.