ಬೇಸಿಗೆ ಯಾತ್ರೆ: ನೀರಿನ ಬಳಿ ಎಚ್ಚರವಿರಲಿ

ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಕ್ಷೇತ್ರದರ್ಶನಕ್ಕೆ ಹೊರಡುವುದು ಶ್ರಾವಕ ಕುಟುಂಬಗಳ ವಾಡಿಕೆ. ಅನೇಕ ಕ್ಷೇತ್ರಗಳಲ್ಲಿ ನೀರು ಹತ್ತಿರದಲ್ಲೇ ಇದೆ: ಶ್ರವಣಬೆಳಗೊಳದ ಕಲ್ಯಾಣಿ, ಧರ್ಮಸ್ಥಳದ ನೇತ್ರಾವತಿ, ದೋಣಿಯಲ್ಲಿ ಹೋಗಬೇಕಾದ ವರಂಗದ ಕೆರೆ ಬಸದಿ.

ಮುಳುಗುವವರು ಕೂಗಿ ಕರೆಯುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಉಸಿರಾಟವೇ ಕಷ್ಟವಾದಾಗ ಕೂಗಲು ಆಗುವುದಿಲ್ಲ. ಮಗು ಸದ್ದಿಲ್ಲದೆ ಮುಳುಗುತ್ತದೆ. ಆದ್ದರಿಂದ ಹಿರಿಯರೊಬ್ಬರು ಮೊಬೈಲ್ ಬದಿಗಿಟ್ಟು ಮಕ್ಕಳನ್ನೇ ನೋಡುತ್ತಿರಬೇಕು. ಚಿಕ್ಕವರು ಕೈಗೆಟುಕುವಷ್ಟು ಹತ್ತಿರವಿರಲಿ. ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತದೆ. ಶಾಂತವಾಗಿ ಕಾಣುವ ನದಿಯಲ್ಲೂ ಗುಂಡಿಗಳಿರುತ್ತವೆ. ದೋಣಿಯಲ್ಲಿ ಎಲ್ಲರೂ ಲೈಫ್ ಜಾಕೆಟ್ ಧರಿಸಬೇಕು.

ಯಾರಾದರೂ ಮುಳುಗುತ್ತಿದ್ದರೆ ನೀರಿಗೆ ಹಾರಬೇಡಿ. ಗಾಬರಿಯಲ್ಲಿರುವವರು ರಕ್ಷಿಸಲು ಬಂದವರನ್ನೇ ಅಪ್ಪಿ ಹಿಡಿದು ಮುಳುಗಿಸಬಹುದು. ದಡದಿಂದಲೇ ಕೋಲು ಅಥವಾ ಸೀರೆ ಚಾಚಿ, ಹಗ್ಗ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. 112ಕ್ಕೆ ಕರೆ ಮಾಡಿ. ಮೇಲೆತ್ತಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತುವುದು ಬೇಡ. ಉಸಿರಿಲ್ಲದಿದ್ದರೆ ಮೊದಲು ಬಾಯಿಯಿಂದ ಉಸಿರು ಕೊಡಿ. ನಂತರ ಎದೆಯನ್ನು 30 ಬಾರಿ ಒತ್ತಿ 2 ಬಾರಿ ಉಸಿರು ಕೊಡುವುದನ್ನು ಮುಂದುವರಿಸಿ. ಈ ಕ್ರಮವನ್ನು ಮನೆಗೊಬ್ಬರಾದರೂ ಕಲಿತಿರುವುದು ಒಳ್ಳೆಯದು.

ಸೂಕ್ಷ್ಮಜೀವಿಗಳ ರಕ್ಷಣೆಗಾಗಿ ನೀರನ್ನು ಸೋಸಿ ಕುಡಿಯುವ ಸಮಾಜ ನಮ್ಮದು. ಅದೇ ಯತ್ನಾಚಾರ ನೀರಿನ ದಡದಲ್ಲೂ ಇರಲಿ.