ವಿಮಾನ ನಿಲ್ದಾಣದ ಲೌಂಜಿಗೆ ಯಾರು ಅರ್ಹರು?

ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ವಿರಮಿಸಲು ಲೌಂಜ್ ಎಂಬ ಕೊಠಡಿಗಳುಂಟು. ಒಂದು ಸಂಸ್ಥೆಯ ಲೌಂಜಿಗೆ ಮತ್ತೊಂದರ ಪ್ರಯಾಣಿಕನು ಹೋಗಬಹುದೆ? 1997ರಲ್ಲಿ ಐದು ವಿಮಾನ ಸಂಸ್ಥೆಗಳು ಸ್ಟಾರ್ ಅಲಯನ್ಸ್ ಎಂಬ ಕೂಟವನ್ನು ಕಟ್ಟಿದವು. ಏರ್ ಇಂಡಿಯಾ 2014ರಲ್ಲಿ ಅದನ್ನು ಸೇರಿತು. ಯಾವುದೇ ಸದಸ್ಯ ಸಂಸ್ಥೆಯಲ್ಲಿ ಪದೇ ಪದೇ ಪ್ರಯಾಣಿಸಿ ಕೂಟದ ‘ಗೋಲ್ಡ್’ ದರ್ಜೆ ಪಡೆದವನು, ಅಂದು ಕೂಟದ ವಿಮಾನದಲ್ಲಿ ಹೊರಡುವುದಾದರೆ, ಟಿಕೆಟ್ಟು ಅಗ್ಗದ್ದಾದರೂ ಗೋಲ್ಡ್ ಚಿಹ್ನೆಯಿರುವ ಲೌಂಜಿಗೆ ಅರ್ಹನು.

ಸ್ವಾರಸ್ಯವೊಂದುಂಟು. ಅಮೆರಿಕದೊಳಗಿನ ಪ್ರಯಾಣದಲ್ಲಿ ಇತರ ಸಂಸ್ಥೆಗಳ ಗೋಲ್ಡ್ ಸದಸ್ಯರಿಗೆ ಯುನೈಟೆಡ್ ಸಂಸ್ಥೆಯ ಲೌಂಜು ತೆರೆದಿದೆ. ಯುನೈಟೆಡ್‌ನದೇ ಗೋಲ್ಡ್ ಸದಸ್ಯರಿಗೆ ಆ ದರ್ಜೆಯ ಬಲದಿಂದ ಪ್ರವೇಶವಿಲ್ಲ. ಲೌಂಜಿನ ಸದಸ್ಯತ್ವವನ್ನು ಆ ಸಂಸ್ಥೆ ಬೇರೆಯಾಗಿ ಮಾರುತ್ತದೆ. ನೆಂಟನಿಗೆ ಮಣೆ, ಮನೆಮಗನಿಗೆ ಬೀಗ!

ನಮ್ಮ ಮನೆತನದಲ್ಲಿ ವಿಮಾನ ಹತ್ತಿದವರಿಲ್ಲ. ನಮ್ಮಂಥವರಲ್ಲಿ ಮೊದಲು ಹತ್ತುವವರು ಆ ಬಾಗಿಲಲ್ಲಿ ಅಂಜಿ ನಿಲ್ಲದೆ, ನಿಯಮವನ್ನರಿತು ಕೇಳಲೆಂದು ಇಷ್ಟನ್ನು ಬರೆದೆ.