ಚಿಕಾಗೋದ ಆಟ, ಸಾವೊ ಪೌಲೊದ ಪೆಟ್ಟಿಗೆ

ಪಿನ್‌ಬಾಲ್ ಗೊತ್ತಲ್ಲ? ಓರೆಯಾಗಿಟ್ಟ ಗಾಜಿನ ಪೆಟ್ಟಿಗೆ, ಒಳಗೊಂದು ಉಕ್ಕಿನ ಗುಂಡು, ಅದು ಕೆಳಗೆ ಜಾರದಂತೆ ಹೊಡೆಯೋಕೆ ಎರಡು ಫ್ಲಿಪ್ಪರ್. ನಾನೀಗ ಇರುವ ಚಿಕಾಗೋ ಈ ಆಟದ ತವರುಮನೆ. ಬ್ಯಾಲಿ, ವಿಲಿಯಮ್ಸ್, ಗಾಟ್ಲೀಬ್ ಎಲ್ಲ ಇಲ್ಲಿಯವೇ. ಆದ್ರೆ ಇವತ್ತು ಹೇಳಹೊರಟಿರೋದು ಬ್ರೆಜಿಲ್ ಕಥೆ.

1970ರ ದಶಕದ ನಡುವೆ ತೈಲ ಬೆಲೆ ಏರಿ ಡಾಲರಿಗೆ ತತ್ವಾರವಾದಾಗ ಅಲ್ಲಿನ ಸರ್ಕಾರ ಆಮದಿನ ಮೇಲೆ ಭಾರೀ ಸುಂಕ, ನಿರ್ಬಂಧ ಹೇರಿತು. ಆಟದ ಯಂತ್ರವಂತೂ ಶೋಕಿ ಸಾಮಾನು, ಅದಕ್ಕೆ ರಿಯಾಯಿತಿ ಕೊಡೋರ್ಯಾರು? (ಅಪ್ಪನ ಬಾಯಲ್ಲಿ ಲೈಸೆನ್ಸ್ ರಾಜ್ ಕಥೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ ಬಿಡಿ.) ಒಂದು ಪಿನ್‌ಬಾಲ್ ನೂರು ಕಿಲೋ ದಾಟುತ್ತೆ. ಬಹುಪಾಲು ಪ್ಲೈವುಡ್, ಗಾಜು, ಕಬ್ಬಿಣದ ಕಾಲು, ತಾಮ್ರದ ಕಾಯಿಲ್. ಬಡಗಿ, ಕಾಯಿಲ್ ಸುತ್ತೋರು ಊರಲ್ಲೇ ಇರುವಾಗ ಇದನ್ನೆಲ್ಲ ಹಡಗಲ್ಲಿ ತಂದು ಸುಂಕ ಕಟ್ಟೋದ್ಯಾಕೆ?

ಆ ದಾರಿ ಹಿಡಿದದ್ದು ಸಾವೊ ಪೌಲೊದ ಟೈಟೊ ಡೊ ಬ್ರೆಜಿಲ್. 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ತಂದ ಜಪಾನಿನ ಟೈಟೊದ ಕವಲು. ಬ್ಯಾಲಿಯ ಪ್ಲೇಬಾಯ್ ಅಲ್ಲಿ ಓಬಾ ಓಬಾ ಆಯ್ತು. ವಿಲಿಯಮ್ಸ್‌ನ 1980ರ ಬ್ಲ್ಯಾಕ್ ನೈಟ್ ಕವಲೇರೊ ನೆಗ್ರೊ ಆಯ್ತು, ಹೆಸರೂ ಬರೀ ಅನುವಾದ :)

ಕದ್ದ ಮಾಲು ಅಂತ ಮೂಗು ಮುರಿಯೋದು ಸುಲಭ. ಬ್ಲ್ಯಾಕ್ ನೈಟ್‌ನ ಎರಡು ಅಂತಸ್ತಿನ ಹಲಗೆ ಸ್ಟೀವ್ ರಿಚಿಯ ಕಲ್ಪನೆ, ಅದನ್ನ ಹಾಗೇ ಎತ್ತಿಕೊಂಡದ್ದು ನನಗೂ ಸರಿಕಾಣಲ್ಲ. ಆದ್ರೆ ಒಳಗೆ ನೋಡಿ. ವಿಲಿಯಮ್ಸ್ ಹಾಕ್ತಿದ್ದದ್ದು ಮೊಟೊರೊಲಾ 6800 ಕುಟುಂಬದ ಪ್ರೊಸೆಸರ್, ಇವರು ಹಾಕಿದ್ದು ಇಂಟೆಲ್ 8080! ಒಂದರ ಮಷೀನ್ ಕೋಡ್ ಇನ್ನೊಂದಕ್ಕೆ ಅರ್ಥವಾಗಲ್ಲ. ಚಿಪ್ ಕಾಪಿ ಹೊಡೆದು ಕೈತೊಳೆದುಕೊಳ್ಳೋ ಹಾಗಿಲ್ಲ. ಗುಂಡು ಎಲ್ಲಿ ತಾಕಿದರೆ ಎಷ್ಟು ಅಂಕ, ಯಾವ ದೀಪ ಹತ್ತಬೇಕು, ಯಾವ ಕಾಯಿಲ್ ಎಷ್ಟು ಮಿಲಿಸೆಕೆಂಡ್ ಎಳೀಬೇಕು... ಎಲ್ಲ ಹೊಸದಾಗೇ ಬರೀಬೇಕು. ಕೋಡಲ್ಲಿ ಎಡವಟ್ಟಾಗಿ ಕಾಯಿಲ್ ಆನ್ ಆಗೇ ಉಳಿದರೆ ಸುಟ್ಟ ವಾಸನೆ ಗ್ಯಾರಂಟಿ. ಬರೀ ಸ್ಕ್ರೂ ತಿರುಗಿಸೋರ ಕೆಲಸ ಅಲ್ಲ ಇದು ಮಾರಾಯ್ರೆ. ದಿನವಿಡೀ ಬೇರೆಯವರ ಕೋಡ್ ಪೋರ್ಟ್ ಮಾಡೋ ನನಗೆ ಹೊಟ್ಟೆಕಿಚ್ಚೇ ಆಯ್ತು!

ಕಂಪನಿ 1985ರಲ್ಲಿ ಬಾಗಿಲು ಹಾಕಿತು. ಇವತ್ತು ಯಾರದ್ದೋ ಮನೆಯ ಕವಲೇರೊ ನೆಗ್ರೊ ಕೆಟ್ಟರೆ ಕಾಯಿಲನ್ನ ಊರಲ್ಲೇ ಸುತ್ತಿಸಬಹುದು. ಬೋರ್ಡ್ ಹೋದರೆ ಮಾತ್ರ ಚಿಕಾಗೋದ ಬ್ಲ್ಯಾಕ್ ನೈಟ್ ಬೋರ್ಡ್ ತಂದಿಟ್ಟರೂ ಉಪಯೋಗವಿಲ್ಲ, ಆ ಹಳೇ 8080ಯನ್ನೇ ಹುಡುಕಬೇಕು.